ಪಿಕಪ್ಪೋ, ಆಫ್‌ರೋಡ್ ಎಸ್‌ಯುವಿಯೋ? ನಡುದಾರಿಯಲ್ಲಿ ಕೈಕೊಡದ ಗಾಡಿ ಆರಿಸುವ ಕ್ರಮ

ಮಲೆನಾಡಿನ ಗ್ಯಾರೇಜುಗಳಲ್ಲಿ ಎರಡು ಬಗೆಯ ಗಾಡಿಗಳು ಪದೇ ಪದೇ ಬಂದು ನಿಲ್ಲುತ್ತವೆ. ಒಂದು, ಚೀಲ ಹೇರಿ ಹೇರಿ ಹಿಂದುಗಡೆ ಕುಸಿದ ಎಸ್‌ಯುವಿ. ಇನ್ನೊಂದು, ಮನೆಯಿಂದ ತೋಟಕ್ಕೆ ದಿನಾ ಮೂರು ಕಿಲೋಮೀಟರ್ ಓಡಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಂಡ ದುಬಾರಿ ಡೀಸೆಲ್ ಪಿಕಪ್. ಎರಡರಲ್ಲೂ ಗಾಡಿಯ ತಪ್ಪು ಕಡಿಮೆ. ಕಂಪನಿ, ಬಣ್ಣ, ಎತ್ತರ ನೋಡಿ ಮೊದಲು ಬುಕ್ ಮಾಡಿ, ಕೆಲಸ ಏನೆಂದು ಆಮೇಲೆ ಯೋಚಿಸಿದ್ದರ ಫಲ ಅದು. ಇಲ್ಲಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಏಳನೆಯದರಿಂದ ಶುರು ಮಾಡಿದರೆ ಒಳ್ಳೆಯ ಗಾಡಿಯೇ ಸಿಗಬಹುದು, ನಿಮ್ಮ ಕೆಲಸಕ್ಕೆ ಆಗುವ ಗಾಡಿ ಸಿಗುತ್ತದೆಂಬ ಖಾತ್ರಿ ಇಲ್ಲ.

## ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, 5 ಮೀಟರಿನ ಟೇಪು, ಒಳ್ಳೆಯ ಟಾರ್ಚು, ಕೆಳಗೆ ಮಲಗಲು ಹಳೆಯ ಗೋಣಿಚೀಲ, ಬಿಳಿ ಟಿಶ್ಯೂ ಪೇಪರ್, ಸಣ್ಣ ಸ್ಕ್ರೂಡ್ರೈವರ್, ಗಾಡಿಯ ದೋಷದ ಕೋಡ್ ಓದುವ, ಫೋನಿಗೆ ಸೇರುವ ಓಬಿಡಿ ಸ್ಕ್ಯಾನರ್. ಸ್ಕ್ಯಾನರ್ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಎರವಲು ಪಡೆಯಿರಿ. ಹೊಸ ಗಾಡಿಯಾದರೆ ನೋಟ್‌ಬುಕ್ ಮತ್ತು ಟೇಪು ಸಾಕು.

## ಹಂತ 1: ಮೂವತ್ತು ದಿನದ ಲೆಕ್ಕ ಬರೆಯಿರಿ

ಈಗಿರುವ ಗಾಡಿ, ಬಾಡಿಗೆ ಗಾಡಿ, ಪಕ್ಕದ ಮನೆಯವರ ಜೀಪು ಯಾವುದೇ ಇರಲಿ, ಒಂದು ತಿಂಗಳು ಪ್ರತಿ ಟ್ರಿಪ್ಪಿಗೆ ನಾಲ್ಕು ವಿಷಯ ಬರೆಯಿರಿ: ಎಷ್ಟು ಕಿಲೋಮೀಟರ್, ಎಷ್ಟು ಜನ, ಎಷ್ಟು ತೂಕ, ಎಂಥ ದಾರಿ.

ತೂಕವನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಯೂರಿಯಾ ಚೀಲ ಈಗ 45 ಕೆಜಿ, ಉಳಿದ ಹೆಚ್ಚಿನ ಗೊಬ್ಬರದ ಚೀಲ 50 ಕೆಜಿ. 200 ಲೀಟರಿನ ಡೀಸೆಲ್ ಬ್ಯಾರಲ್ ತುಂಬಿದರೆ ಎಣ್ಣೆಯೊಂದೇ ಸುಮಾರು 165 ಕೆಜಿ. ನೀರಾದರೆ ಪೂರಾ 200. ಹಸಿ ಕಾಫಿ ಹಣ್ಣಿನ ಚೀಲವನ್ನು ಒಮ್ಮೆ ತೂಗಿ ನೋಡಿ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ.

ತಿಂಗಳ ಕೊನೆಗೆ ಎರಡು ಎಣಿಕೆ ಮಾಡಿ. 200 ಕೆಜಿಗೂ ಹೆಚ್ಚು ಹೊರೆ ಹೇರಿದ ದಿನ ಎಷ್ಟು? ಒಂದೇ ಓಟದಲ್ಲಿ 20 ಕಿಲೋಮೀಟರಿಗೂ ಹೆಚ್ಚು ಓಡಿದ ದಿನ ಎಷ್ಟು? ಮೊದಲನೆಯದು ಪಿಕಪ್ ಬೇಕೇ ಎಂಬುದಕ್ಕೆ ಉತ್ತರ, ಎರಡನೆಯದು ಡೀಸೆಲ್ ಬೇಕೇ ಎಂಬುದಕ್ಕೆ.

ಇಲ್ಲಿ ಆಗುವ ತಪ್ಪು ಎಂದರೆ ಕೊಯ್ಲಿನ ಆರು ವಾರವನ್ನೇ ಇಡೀ ವರ್ಷ ಎಂದುಕೊಳ್ಳುವುದು. ಹೊರೆ ಇರುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಎಂದಾದರೆ, ಆ ದಿನಗಳಿಗೆ ಗೂಡ್ಸ್ ಗಾಡಿ ಬಾಡಿಗೆಗೆ ಹಿಡಿಯುವುದು ಅಗ್ಗ. ಉಳಿದ ಒಂಬತ್ತು ತಿಂಗಳು ಖಾಲಿ ತೊಟ್ಟಿ ಎಳೆದುಕೊಂಡು ತಿರುಗುವ ಅಗತ್ಯ ಇರುವುದಿಲ್ಲ.

## ಹಂತ 2: ಆರ್‌ಸಿ ನೋಡಿ ಹೊರೆಯ ಲೆಕ್ಕ ಹಾಕಿ

ಜಾಹೀರಾತಿನ ಚಿತ್ರದಲ್ಲಿ ತೊಟ್ಟಿ ತುಂಬ ಸಾಮಾನು ಇರುತ್ತದೆ. ನೀವು ನೋಡಬೇಕಾದದ್ದು ಆರ್‌ಸಿಯ ಎರಡು ಅಂಕಿ: ಖಾಲಿ ಗಾಡಿಯ ತೂಕ ಮತ್ತು ಹೊರೆ ಸೇರಿ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದು ಸಾಮಾನಿನ ಲೆಕ್ಕ ಮಾತ್ರ ಅಲ್ಲ, ಅದರಲ್ಲಿ ಜನರೂ ಸೇರುತ್ತಾರೆ. ಇದನ್ನು ಹತ್ತರಲ್ಲಿ ಒಂಬತ್ತು ಮಂದಿ ಮರೆಯುತ್ತಾರೆ.

ಉದಾಹರಣೆಗೆ ಒಂದು ಡಬಲ್ ಕ್ಯಾಬ್ ಪಿಕಪ್ಪಿನ ಖಾಲಿ ತೂಕ 1,950 ಕೆಜಿ, ಒಟ್ಟು ತೂಕ 2,500 ಕೆಜಿ ಎಂದಿಟ್ಟುಕೊಳ್ಳಿ. ಉಳಿಯುವುದು 550. ಒಳಗೆ ಐದು ಜನ, ತಲೆಗೆ 65 ಕೆಜಿ ಹಿಡಿದರೂ 325. ತೊಟ್ಟಿಗೆ ಉಳಿದದ್ದು 225 ಕೆಜಿ, ಅಂದರೆ ಬರೀ ಐದು ಚೀಲ ಯೂರಿಯಾ. ಮೇಲೆ ಫೈಬರ್ ಕ್ಯಾನೊಪಿ, ತೊಟ್ಟಿಗೆ ಕಬ್ಬಿಣದ ತಗಡು ಹಾಕಿಸಿದರೆ ಅದೂ ಇದರಲ್ಲೇ ಕಳೆಯಬೇಕು.

ಆದ್ದರಿಂದ ಪಿಕಪ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಜಾತಿ ಇದೆ. ಇಸುಝು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಮನೆಯ ಗಾಡಿಯ ಹಾಗೆ ಓಡಿಸುವಂಥವು. ಮಹೀಂದ್ರಾ ಬೊಲೆರೊ ಕ್ಯಾಂಪರ್, ಟಾಟಾ ಯೋಧಾ ದುಡಿಮೆಯ ಗಾಡಿಗಳು. ದಿನಾ ಅರ್ಧ ಟನ್ನು ಹೇರುವವರಿಗೆ ಎರಡನೆಯ ಜಾತಿಯೇ ಸರಿ. ಬೆಲೆಯೂ ಕಡಿಮೆ, ಗೀರು ಬಿದ್ದರೆ ಎದೆಯೂ ಉರಿಯುವುದಿಲ್ಲ.

ಹೊರೆಯ ಜಾಗವೂ ಮುಖ್ಯ. ಡಬಲ್ ಕ್ಯಾಬ್‌ನ ತೊಟ್ಟಿ ಸುಮಾರು ಐದಡಿ ಉದ್ದ. ಅದರ ದೊಡ್ಡ ಪಾಲು ಹಿಂದಿನ ಆಕ್ಸಲ್‌ಗಿಂತ ಹಿಂದೆ ಚಾಚಿರುತ್ತದೆ. ಭಾರವನ್ನು ತೊಟ್ಟಿಯ ಹಿಂಬಾಗಿಲ ಕಡೆ ಇಟ್ಟು ಗುಂಡಿಯಲ್ಲಿ ಹಾರಿಸಿದರೆ ಅದು ಸನ್ನೆಕೋಲಿನ ಹಾಗೆ ಕೆಲಸ ಮಾಡಿ, ಕ್ಯಾಬಿನ್ ಹಾಗೂ ತೊಟ್ಟಿಯ ನಡುವೆ ಚಾಸಿಸ್ಸನ್ನೇ ಬಗ್ಗಿಸುತ್ತದೆ. ಭಾರವಾದದ್ದು ಯಾವತ್ತೂ ಕ್ಯಾಬಿನ್‌ಗೆ ಒತ್ತಿಕೊಂಡೇ ಇರಬೇಕು.

## ಹಂತ 3: ಯೆಲ್ಲೋ ಬೋರ್ಡೋ, ವೈಟ್ ಬೋರ್ಡೋ

ಗೂಡ್ಸ್ ಎಂದು ನೋಂದಣಿಯಾದ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಸ್ವಂತ ಬಳಕೆಯ ವೈಟ್ ಬೋರ್ಡ್ ಗಾಡಿಯ ಆರ್‌ಸಿ 15 ವರ್ಷ ನಡೆಯುತ್ತದೆ. ಎಫ್‌ಸಿ ಮುಗಿದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯವರು ತಕರಾರು ಎತ್ತುವುದು ಖಚಿತ.

ವಿ-ಕ್ರಾಸ್, ಹೈಲಕ್ಸ್ ಥರದವು ವೈಟ್ ಬೋರ್ಡಿನಲ್ಲಿ ಸಿಗುತ್ತವೆ. ಕ್ಯಾಂಪರ್ ಜಾತಿಯವು ಸಾಮಾನ್ಯವಾಗಿ ಗೂಡ್ಸ್. ಮಾರುವವರ ಬಾಯಿಮಾತು ನಂಬದೆ, ಈಗಾಗಲೇ ಡೆಲಿವರಿ ಆದ ಅದೇ ಮಾದರಿಯ ಆರ್‌ಸಿ ತೋರಿಸಲು ಹೇಳಿ, ವಾಹನ ವರ್ಗದ ಸಾಲು ಓದಿ. ಲೈಸೆನ್ಸಿನ ಗೊಂದಲ ಮಾತ್ರ ಈಗ ಕಡಿಮೆಯಾಗಿದೆ: ಒಟ್ಟು ತೂಕ 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ವಾಹನದ) ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ತೊಟ್ಟಿಯಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವುದು ತೋಟದ ಕಡೆ ದಿನನಿತ್ಯದ ನೋಟ. ಕಾನೂನಿಗೆ ಅದು ಒಪ್ಪಿಗೆ ಇಲ್ಲ, ಗಾಡಿ ಮಗುಚಿದರೆ ಪರಿಹಾರ ಮಾಲೀಕನ ತಲೆಗೇ ಬರಬಹುದು. ದಿನಾ ಆರೇಳು ಜನರನ್ನು ಕರೆತರುವ ಕೆಲಸವಿದ್ದರೆ ಸೀಟು ಇರುವ ಗಾಡಿಯನ್ನೇ ನೋಡಿ.

## ಹಂತ 4: ನಿಮ್ಮ ದಾರಿಯನ್ನು ಅಳೆಯಿರಿ

ತೋಟದ ಅತಿ ಬಿಗಿಯಾದ ತಿರುವಿಗೆ ಟೇಪು ಹಿಡಿದು ಹೋಗಿ. ಒಳಗಿನ ಕಟ್ಟೆಯಿಂದ ಹೊರಗಿನ ಚರಂಡಿವರೆಗೆ ಎಷ್ಟಿದೆ ನೋಡಿ. ಹೈಲಕ್ಸ್, ವಿ-ಕ್ರಾಸ್ ಎರಡೂ 5.3 ಮೀಟರ್ ಆಸುಪಾಸು ಉದ್ದ, ಮುಂದಿನ–ಹಿಂದಿನ ಗಾಲಿಗಳ ನಡುವಿನ ಅಂತರ ಸುಮಾರು 3.1 ಮೀಟರ್. ಪೂರ್ತಿ ತಿರುಗಲು 12 ಮೀಟರಿಗೂ ಹೆಚ್ಚು ಅಗಲ ಬೇಕು. ಮೂರು ಬಾಗಿಲಿನ ಥಾರ್‌ನ ಗಾಲಿ ಅಂತರ 2.45 ಮೀಟರ್, ಜಿಮ್ನಿಯದು 2.59.

ಇದು ಬರೀ ತಿರುಗಿಸುವ ತ್ರಾಸದ ಮಾತಲ್ಲ. ಉದ್ದದ ಗಾಡಿ ದಿಣ್ಣೆ ದಾಟುವಾಗ ಹೊಟ್ಟೆ ತಾಗುತ್ತದೆ, ಮೋರಿ ಇಳಿದು ಹತ್ತುವಾಗ ಹಿಂದಿನ ಬಂಪರ್ ಮಣ್ಣು ಕೆರೆಯುತ್ತದೆ. ಪ್ರತಿ ಹೇರ್‌ಪಿನ್ನಿನಲ್ಲೂ ಹಿಂದೆ ಮುಂದೆ ಮಾಡುತ್ತ ಹಾಫ್ ಕ್ಲಚ್ಚಿನಲ್ಲಿ ಹೊರೆ ಎಳೆದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ನಾಲ್ಕು ಬಾರಿ ರಿವರ್ಸ್ ಹಾಕದೆ ಮನೆ ಸೇರಲಾಗದ ದಾರಿಯಿದ್ದರೆ ಉದ್ದದ ಪಿಕಪ್ಪನ್ನು ಇಲ್ಲೇ ಪಟ್ಟಿಯಿಂದ ಹೊಡೆದುಹಾಕಿ.

ಪಿಕಪ್ಪಿನ ಹಿಂದೆ ಇರುವುದು ಪ್ಲೇಟ್ ಸ್ಪ್ರಿಂಗ್. ಹೊರೆಗೆ ಅದರಷ್ಟು ಗಟ್ಟಿ ಬೇರೆ ಇಲ್ಲ. ಆದರೆ ತೊಟ್ಟಿ ಖಾಲಿ ಇದ್ದಾಗ ಅದು ಬಗ್ಗುವುದೇ ಇಲ್ಲ, ಜೊತೆಗೆ ಹಿಂದೆ ಭಾರವೂ ಇಲ್ಲ. ಜುಲೈ ಮಳೆಯಲ್ಲಿ ತಿರುವಿನಲ್ಲಿ ಬಾಲ ಜಾರುವುದು ಇದರಿಂದಲೇ. 60ರಿಂದ 80 ಕೆಜಿ ಮರಳಿನ ಚೀಲವನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ ಕಟ್ಟಿ, ಟೈರಿನ ಗಾಳಿಯನ್ನು ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿರುವ ಖಾಲಿ ಗಾಡಿಯ ಅಳತೆಗೆ ಇಳಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಥಾರ್, ಫಾರ್ಚೂನರ್, ಜಿಮ್ನಿಗಳ ಹಿಂದೆ ಕಾಯಿಲ್ ಸ್ಪ್ರಿಂಗ್ ಇದೆ. ಗುಂಡಿಯಲ್ಲಿ ಗಾಲಿ ನೆಲ ಬಿಡುವುದಿಲ್ಲ, ಹಿಡಿತ ಚೆನ್ನ. ಅತಿ ಹೊರೆ ಬಿದ್ದರೆ ಮಾತ್ರ ಬಂಪ್ ಸ್ಟಾಪಿಗೆ ಬಡಿದು ಶಾಕ್ ಅಬ್ಸಾರ್ಬರ್ ಸೋರಲು ಶುರು, ಬುಷ್‌ಗಳು ಹರಿಯುತ್ತವೆ. ಹೆಡ್‌ಲೈಟ್ ಮರದ ತುದಿ ನೋಡುತ್ತಿದ್ದರೆ ಹೊರೆ ಮೀರಿದೆ ಎಂದು ಅರ್ಥ.

ಇನ್ನು, ಪಿಕಪ್ ಎಂಜಿನ್ನು ಹೆಚ್ಚು ಗಟ್ಟಿ ಎಂಬ ಮಾತು. ಹೈಲಕ್ಸ್ ಮತ್ತು ಈಗಿನ ಫಾರ್ಚೂನರ್ ಡೀಸೆಲ್ಲಿನದು ಒಂದೇ 2.8 ಲೀಟರ್ ಎಂಜಿನ್. ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ನೇ ಎಂಯು-ಎಕ್ಸ್‌ನಲ್ಲೂ ಇದೆ. ಅದನ್ನಿಟ್ಟುಕೊಂಡು ಆರಿಸಲು ಹೋಗಬೇಡಿ.

## ಹಂತ 5: ಡಿಪಿಎಫ್ ಲೆಕ್ಕ

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಮೇಲೆ ಇಂಥ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ತುಂಬಿದ ಮಸಿಯನ್ನು ಗಾಡಿಯೇ ಸುಟ್ಟುಕೊಳ್ಳಬೇಕು. ಅದಕ್ಕೆ ಬಿಸಿ ಬೇಕು, ಬಿಸಿಗೆ 15–20 ನಿಮಿಷ ನಿಲ್ಲದ ಓಟ ಬೇಕು, ಅದೂ ಸುಮಾರು 60 ಕಿ.ಮೀ. ವೇಗದಲ್ಲಿ.

ತೋಟದೊಳಗೆ ಫಸ್ಟ್ ಗೇರಿನಲ್ಲಿ ತಿರುಗುವ, ಅಂಗಡಿಗೆ ಹೋಗಿ ಐದೇ ನಿಮಿಷಕ್ಕೆ ಆಫ್ ಮಾಡುವ ಗಾಡಿಗೆ ಆ ಓಟ ಸಿಗುವುದಿಲ್ಲ. ಸುಡುವುದು ಶುರುವಾಗುವಷ್ಟರಲ್ಲಿ ಕೀ ತೆಗೆದಿರುತ್ತೀರಿ. ಹೀಗೆ ನಾಲ್ಕಾರು ಬಾರಿ ಆದರೆ, ಸುಡಲೆಂದು ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿ ಏರಿದ್ದರೆ, ಮೂಗಿಗೆ ಡೀಸೆಲ್ ವಾಸನೆ ಬಂದರೆ, ಆ ಆಯಿಲ್ ತೆಳುವಾಗಿದೆ. ಟರ್ಬೊ ಮತ್ತು ಬೇರಿಂಗುಗಳು ಅದರಲ್ಲೇ ತಿರುಗುತ್ತಿವೆ. ಕಿಲೋಮೀಟರ್ ಆಗಿಲ್ಲವಲ್ಲ ಎಂದು ಕಾಯದೆ ಆಯಿಲ್ ಬದಲಿಸಿ.

ಮೊದಲ ಹಂತದಲ್ಲಿ ಬರೆದ ಲೆಕ್ಕ ಈಗ ತೆಗೆಯಿರಿ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡುತ್ತೀರಾದರೆ ಡೀಸೆಲ್ ಸರಿ. ಇಲ್ಲವೆಂದರೆ ಪೆಟ್ರೋಲ್ ನೋಡಿ: ಜಿಮ್ನಿ ಪೆಟ್ರೋಲಿನಲ್ಲೇ ಬರುತ್ತದೆ, ಥಾರ್‌ನಲ್ಲಿ 2.0 ಲೀಟರ್ ಪೆಟ್ರೋಲ್ ಇದೆ. ಪಿಕಪ್ಪುಗಳಲ್ಲಿ ಆಯ್ಕೆ ಹೆಚ್ಚುಕಡಿಮೆ ಡೀಸೆಲ್ಲೇ. ಡಿಪಿಎಫ್ ಕಿತ್ತು ಹಾಕಿಸಿ ಎಂಬ ಸಲಹೆ ಕೊಡುವವರು ಸಿಗುತ್ತಾರೆ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ.

ಬ್ಯಾರಲ್ಲಿನಲ್ಲಿ ಡೀಸೆಲ್ ಇಟ್ಟು ತುಂಬುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಮಳೆಗಾಲದಲ್ಲಿ ಬ್ಯಾರಲ್ ಒಳಗೆ ಬೆವರಿ ತಳದಲ್ಲಿ ನೀರು ನಿಲ್ಲುತ್ತದೆ. ಹಳೆಯ ಜೀಪು ಅದನ್ನು ಕುಡಿದು ಕೆಮ್ಮಿ ಓಡುತ್ತಿತ್ತು, ಈಗಿನ ಕಾಮನ್ ರೈಲ್ ಪಂಪು, ಇಂಜೆಕ್ಟರ್‌ಗಳು ತಡೆದುಕೊಳ್ಳುವುದಿಲ್ಲ.

## ಹಂತ 6: ಬಿಡಿಭಾಗಕ್ಕೆ ಫೋನ್ ಮಾಡಿ

ನಂಬಿಕಸ್ಥ ಗಾಡಿ ಎಂದರೆ ಕೆಡದ ಗಾಡಿ ಎಂದಷ್ಟೇ ಅಲ್ಲ, ಕೆಟ್ಟರೆ ಮೂರು ದಿನದಲ್ಲಿ ಎದ್ದು ನಿಲ್ಲುವ ಗಾಡಿ. ಪಟ್ಟಿಯಲ್ಲಿ ಉಳಿದ ಪ್ರತಿ ಮಾದರಿಗೂ ಕ್ಲಚ್ ಸೆಟ್, ಮುಂದಿನ ಗಾಲಿಯ ಬೇರಿಂಗ್, ವಾಟರ್ ಪಂಪ್, ಟೈ ರಾಡ್ ಎಂಡ್, ಡೀಸೆಲ್ ಫಿಲ್ಟರ್ ಈ ಐದರ ಬೆಲೆ ಮತ್ತು ಸಿಗುವ ದಿನ ಕೇಳಿ. ಒಂದು ಫೋನು ಕಂಪನಿ ಸರ್ವಿಸ್ ಸೆಂಟರಿಗೆ, ಇನ್ನೊಂದು ನಿಮ್ಮ ತಾಲ್ಲೂಕಿನ ಸ್ಪೇರ್ಸ್ ಅಂಗಡಿಗೆ.

"ಈಗಲೇ ಇದೆ" ಎಂದರೆ ಎರಡು ಅಂಕ, "ಎರಡು ದಿನದಲ್ಲಿ ತರಿಸ್ತೀವಿ" ಎಂದರೆ ಒಂದು, "ಆರ್ಡರ್ ಹಾಕಿ ನೋಡ್ಬೇಕು ಸಾರ್" ಎಂದರೆ ಸೊನ್ನೆ. ಹತ್ತರಲ್ಲಿ ಐದಕ್ಕಿಂತ ಕಡಿಮೆ ಬಂದ ಗಾಡಿ ಎಷ್ಟೇ ಹೆಸರುವಾಸಿಯಾಗಿದ್ದರೂ ಒಂದೇ ಗಾಡಿ ಇರುವ ಮನೆಗೆ ಬೇಡ. ಬೊಲೆರೊ ಊರೂರಲ್ಲಿ ಉಳಿದುಕೊಂಡಿರುವ ಗುಟ್ಟು ಇಷ್ಟೇ.

## ಹಂತ 7: ಹಳೆಯ ಗಾಡಿಯಾದರೆ ಕೆಳಗಿನಿಂದ ಮೇಲಕ್ಕೆ ನೋಡಿ

ಬೆಳಿಗ್ಗೆ ಹೋಗಿ. ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿರಿ. ಹೋದಾಗ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬನ್ನಿ. ಸ್ಟಾರ್ಟಿಂಗ್ ತೊಂದರೆ ಇರುವ ಗಾಡಿಗಳನ್ನೇ ಮೊದಲೇ ಬಿಸಿ ಮಾಡಿಟ್ಟಿರುತ್ತಾರೆ.

ಚಾಸಿಸ್. ಗೋಣಿ ಹಾಸಿ ಕೆಳಗೆ ಮಲಗಿ. ಪಿಕಪ್ಪಾದರೆ ಮೊದಲು ಪಕ್ಕದಿಂದ ಕ್ಯಾಬಿನ್–ತೊಟ್ಟಿ ನಡುವಿನ ಸಂದು ನೋಡಿ: ಮೇಲೆ ಕೆಳಗೆ ಒಂದೇ ಅಗಲ ಇರಬೇಕು. ಮೇಲೆ ಕಿರಿದು ಕೆಳಗೆ ಅಗಲ, ಅಥವಾ ಉಲ್ಟಾ ಇದ್ದರೆ ಚಾಸಿಸ್ ಬಗ್ಗಿರುವ ಅನುಮಾನ. ಹೊಸ ವೆಲ್ಡಿಂಗ್, ಒಂದೇ ಕಡೆ ಬಳಿದ ಕಪ್ಪು ಬಣ್ಣ ಕಂಡರೆ ಸ್ಕ್ರೂಡ್ರೈವರಿನಿಂದ ಕೆರೆದು ನೋಡಿ. ಮಂಗಳೂರು, ಕಾರವಾರದ ಕಡೆ ಓಡಿದ ಗಾಡಿಯಾದರೆ ತುಕ್ಕಿಗೆ ಇನ್ನೂ ಹತ್ತು ನಿಮಿಷ ಹೆಚ್ಚು ಕೊಡಿ.

ಸ್ಪ್ರಿಂಗ್ ಪ್ಲೇಟು. ಪ್ಲೇಟುಗಳು ನೇರವಾಗಿದ್ದರೆ ಅಥವಾ ಹಿಂದಕ್ಕೆ ಬಗ್ಗಿದ್ದರೆ ಕಸುವು ಹೋಗಿದೆ. ಹೆಚ್ಚುವರಿ ಪ್ಲೇಟ್ ಸೇರಿಸಿದ್ದರೆ ಆ ಗಾಡಿ ಏನು ಹೊತ್ತಿದೆ ಎಂದು ಬೇರೆ ಸಾಕ್ಷಿ ಬೇಡ.

ಹೌಸಿಂಗ್ ಆಯಿಲ್. ಆಫ್‌ರೋಡ್ ಎಸ್‌ಯುವಿಗೆ ಇದೇ ಅತಿ ಮುಖ್ಯ ಪರೀಕ್ಷೆ. ಮಾಲೀಕರ ಒಪ್ಪಿಗೆ ಪಡೆದು, ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನ (ಆಕ್ಸಲ್ ಮೇಲಿನ ಗೇರುಗಳ ಉಂಡೆ ಪೆಟ್ಟಿಗೆ) ಫಿಲ್ಲರ್ ನಟ್ಟನ್ನು ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ ಬೆರಳು ಹಾಕಿ ಟಿಶ್ಯೂಗೆ ಒರೆಸಿ. ಕಪ್ಪಾಗಿದ್ದರೆ ಹಳೆಯ ಆಯಿಲ್, ಅಷ್ಟೆ. ಹಾಲು ಬೆರೆತ ಕಾಫಿ ಬಣ್ಣ ಇದ್ದರೆ ನೀರು ಹೊಕ್ಕಿದೆ. ಹೊಳೆ ದಾಟುವಾಗ ಬಿಸಿ ಹೌಸಿಂಗ್ ಥಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗಿಗೆ ಗಾಳಿಯಾಡಿಸುವ ಬ್ರೀದರ್ ಪೈಪು ಕಟ್ಟಿದ್ದರೆ ಅದು ಆಯಿಲ್ ಸೀಲಿನ ಮೂಲಕವೇ ನೀರು ಎಳೆದುಕೊಳ್ಳುತ್ತದೆ. ಬೇರಿಂಗ್, ಕ್ರೌನ್ ಪಿನಿಯನ್ ತುಕ್ಕು ಹಿಡಿದು ಗುಂಯ್‌ಗುಡುವುದು ತಿಂಗಳುಗಳ ಮೇಲೆ, ಆಗ ಗಾಡಿ ನಿಮ್ಮದಾಗಿರುತ್ತದೆ. ಮುಂದಿನ ಹೌಸಿಂಗ್, ಮುಂದಿನ ಗಾಲಿಗೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡಕ್ಕೂ ಇದೇ ಪರೀಕ್ಷೆ.

ನೀರಿನ ಗುರುತು. ಸೀಟಿನ ಹಳಿ, ಸೀಟ್ ಬೆಲ್ಟ್ ಪೂರ್ತಿ ಎಳೆದಾಗ ಕಾಣುವ ಕೊನೆ, ಕಾರ್ಪೆಟ್ ಕೆಳಗಿನ ವೈರಿಂಗ್ ಪ್ಲಗ್ಗು. ಕೆಸರಿನ ಗೆರೆ ಇಲ್ಲೆಲ್ಲ ಉಳಿದಿರುತ್ತದೆ. ವಾಟರ್ ವಾಶ್ ಆ ಮೂಲೆಗಳಿಗೆ ತಲುಪುವುದಿಲ್ಲ. ಹಾಗೇ ಬಾನೆಟ್ ಒಳಗೆ ಇಲಿ ಕಡಿದ ವೈರಿಗೆ ಟೇಪು ಸುತ್ತಿದ್ದಾರೆಯೇ ಎಂದೂ ನೋಡಿ.

ಟೈಮಿಂಗ್ ಬೆಲ್ಟ್. 2016ಕ್ಕೆ ಹಿಂದಿನ ಫಾರ್ಚೂನರ್ 3.0 ಡೀಸೆಲ್ಲಿನಲ್ಲಿ ಬೆಲ್ಟ್ ಇದೆ. ಬದಲಿಸಿದ ಬಿಲ್ಲು ಕಣ್ಣಿಗೆ ಬೀಳದಿದ್ದರೆ ಬದಲಿಸಿಲ್ಲ ಎಂದೇ ಹಿಡಿದು ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

ಸ್ಟಾರ್ಟ್. ಈಗ ಕೀ ತಿರುಗಿಸಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಸ್ಕ್ಯಾನರ್ ಹಾಕಿ ಕೋಡ್ ಓದಿ. ಕೋಡ್ ಒಂದೂ ಇಲ್ಲ, ಆದರೆ ಗಾಡಿ ತಾನೇ ಮಾಡಿಕೊಳ್ಳುವ ರೆಡಿನೆಸ್ ಪರೀಕ್ಷೆಗಳೆಲ್ಲ ಅಪೂರ್ಣ ಎಂದು ತೋರಿಸಿದರೆ ನಿಮ್ಮೆದುರು ಬರುವ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ.

## ಹಂತ 8: ಓಡಿಸಿ ನೋಡುವಾಗ

ಖಾಲಿ ಟಾರ್ ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ನಾಲ್ಕು ಜನರನ್ನು ಕೂರಿಸಿ, ಪಿಕಪ್ಪಾದರೆ ನಾಲ್ಕು ಚೀಲ ಹಾಕಿ, ಒಂದು ಏರು ಹತ್ತಿಸಿ. ಥರ್ಡ್ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮುಳ್ಳು ಮೇಲಕ್ಕೆ ಜಿಗಿದು ಗಾಡಿ ಓಡದಿದ್ದರೆ ಕ್ಲಚ್ ಜಾರುತ್ತಿದೆ.

ಫೋರ್ ವೀಲ್ ಪರೀಕ್ಷೆ ಮಣ್ಣು ಅಥವಾ ಜಲ್ಲಿಯ ಮೇಲೆ ಮಾತ್ರ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು 4ಎಲ್ (ನಾಲ್ಕೂ ಗಾಲಿಗೆ ಬಲ, ನಿಧಾನದ ಗೇರು) ಹಾಕಿ. ದೀಪ ಮಿನುಗುವುದು ನಿಂತು ಸ್ಥಿರವಾಗಬೇಕು. ಕ್ಲಚ್ ಬಿಟ್ಟ ತಕ್ಷಣ ಆಮೆಯಂತೆ, ಆದರೆ ಬಲವಾಗಿ ಎಳೆಯಬೇಕು. ಕಟಕಟ ಸದ್ದು ಬಂದರೆ, ದೀಪ ಮಿನುಗುತ್ತಲೇ ಇದ್ದರೆ ಆಕ್ಚುಯೇಟರ್ ಅಥವಾ ಒಳಗಿನ ಫೋರ್ಕ್ ಕೈಕೊಟ್ಟಿದೆ.

ಥಾರ್, ಜಿಮ್ನಿ, ವಿ-ಕ್ರಾಸ್, ಹೈಲಕ್ಸ್ ಇವುಗಳ ಫೋರ್ ವೀಲ್ ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕುವಂಥದ್ದು. ಒಣ ಟಾರಿನ ಮೇಲೆ 4ಎಚ್ (ನಾಲ್ಕೂ ಗಾಲಿಗೆ ಬಲ, ಮಾಮೂಲು ವೇಗದ ಗೇರು) ಹಾಕಿ ತಿರುಗಿಸಿದರೆ ಮುಂದಿನ, ಹಿಂದಿನ ಗಾಲಿಗಳು ಓಡುವ ದೂರ ಬೇರೆ ಬೇರೆಯಾಗಿ ಶಾಫ್ಟುಗಳು ಹಗ್ಗದಂತೆ ಹೊಸೆದುಕೊಳ್ಳುತ್ತವೆ. ಸ್ಟಿಯರಿಂಗ್ ಬಿಗಿಯಾಗಿ ಗಾಡಿ ತಡೆತಡೆದು ಹೋಗುವುದು ಇದರ ಸೂಚನೆ. ನಾಲ್ಕರಲ್ಲಿ ಎರಡು ಟೈರು ಮಾತ್ರ ಹೊಸದು ಹಾಕಿದ್ದರೂ ಇದೇ ತೊಂದರೆ, ಸ್ವಲ್ಪ ನಿಧಾನವಾಗಿ.

## ಹಂತ 9: ಈಗ ತೀರ್ಮಾನಿಸಿ

ತಿಂಗಳಿಗೆ ಹತ್ತಕ್ಕೂ ಹೆಚ್ಚು ದಿನ 200 ಕೆಜಿ ದಾಟುತ್ತದೆ, ತಿರುವುಗಳು ಅಗಲವಾಗಿವೆ, ವಾರಕ್ಕೊಮ್ಮೆ ಹೆದ್ದಾರಿ ಓಟ ಇದೆ: ಪಿಕಪ್. ಹೊರೆ ಅರ್ಧ ಟನ್ನು ಮುಟ್ಟುತ್ತದೆ ಎಂದರೆ ದುಡಿಮೆಯ ಪಿಕಪ್, ಯೆಲ್ಲೋ ಬೋರ್ಡ್ ಎಂದು ಮುಖ ಸಿಂಡರಿಸಬೇಡಿ.

ಜನ ಹೆಚ್ಚು, ಹೊರೆ ಕಡಿಮೆ, ದಾರಿ ಕಿರಿದು, ಓಟ ಚಿಕ್ಕದು ಎಂದರೆ ಪೆಟ್ರೋಲಿನ ಚಿಕ್ಕ ಆಫ್‌ರೋಡ್ ಗಾಡಿ. ಆದರೆ ಜಿಮ್ನಿಯಲ್ಲಿ ನಾಲ್ಕೇ ಸೀಟು, ಮೂರು ಬಾಗಿಲಿನ ಥಾರ್‌ನಲ್ಲೂ ಅಷ್ಟೇ.

ಮಳೆಗಾಲದಲ್ಲಿ ಹಳ್ಳ ದಾಟಲೇಬೇಕಾದವರು ಕಂಪನಿ ಹೇಳಿದ ನೀರಿನ ಆಳ ನೋಡಿ: ಥಾರ್‌ಗೆ 650 ಮಿ.ಮೀ., ಹೈಲಕ್ಸ್‌ಗೆ 700. ಅದು ನಿಂತ ನೀರಿನ ಲೆಕ್ಕ. ಹರಿಯುವ ನೀರು ಮೊಣಕಾಲು ಮುಟ್ಟಿದರೆ ಯಾವ ಗಾಡಿಯೂ ಬೇಡ.

ಎರಡೂ ಬೇಕು ಎನಿಸುತ್ತಿದ್ದರೆ, ಹೆಚ್ಚಿನವರಿಗೆ ಹೊಸ ದುಬಾರಿ ಪಿಕಪ್ಪಿನ ದುಡ್ಡಿನಲ್ಲಿ ಒಂದು ಹಳೆಯ ಕ್ಯಾಂಪರ್ ಮತ್ತು ಮನೆಗೊಂದು ಚಿಕ್ಕ ಕಾರು ಬಂದೀತು. ಒಂದು ಗ್ಯಾರೇಜಿನಲ್ಲಿದ್ದರೆ ಇನ್ನೊಂದು ಓಡುತ್ತದೆ.

## ಹಂತ 10: ತಂದ ಮೊದಲ ತಿಂಗಳು

ಹಳೆಯ ಗಾಡಿಯಾದರೆ ಮಾರಿದವರು ಏನೇ ಹೇಳಲಿ, ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಹೌಸಿಂಗ್ ಈ ಐದೂ ಕಡೆ ಆಯಿಲ್ ಬದಲಿಸಿ. ಗ್ರೇಡ್ ಮ್ಯಾನ್ಯುಯಲ್ಲಿನಲ್ಲಿ ಇದ್ದದ್ದೇ ಹಾಕಿಸಿ. ಕೂಲೆಂಟ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಕೂಡ ಹೊಸದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಲ್ಲಿ ನಿಪ್ಪಲ್ ಇದ್ದರೆ ಹಳೆಯದು ಹೊರಬಂದು ಹೊಸ ಗ್ರೀಸ್ ಕಾಣುವವರೆಗೆ ಹೊಡೆಸಿ.

ಬ್ರೀದರ್ ಪೈಪುಗಳನ್ನು ಊದಿಸಿ ತೆರೆಸಿ. ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಫೋರ್ ವೀಲ್ ಹಾಕಿ ಕೆಲವು ಕಿಲೋಮೀಟರ್ ಓಡಿಸಿ. ವರ್ಷಗಟ್ಟಲೆ ಮುಟ್ಟದ ಫೋರ್ ವೀಲ್, ಬೇಕಾದ ದಿನವೇ ಕಚ್ಚುವುದಿಲ್ಲ. ಹೌಸಿಂಗ್ ಮುಳುಗುವಷ್ಟು ನೀರು ದಾಟಿದರೆ ಆ ವಾರವೇ ಫಿಲ್ಲರ್ ನಟ್ ಬಿಚ್ಚಿಸಿ ಟಿಶ್ಯೂ ಪರೀಕ್ಷೆ ಮತ್ತೆ ಮಾಡಿ. ಕಾಫಿ ಬಣ್ಣ ಕಂಡರೆ ಆಯಿಲ್ ಬದಲಿಸಿ 200 ಕಿಲೋಮೀಟರ್ ಓಡಿಸಿ, ಇನ್ನೊಮ್ಮೆ ಬಿಚ್ಚಿಸಿ ನೋಡಿ. ಆಗಲೂ ಅದೇ ಬಣ್ಣ ಬಂದರೆ ಸೀಲ್ ಹೋಗಿದೆ.